ಎರಡೂ ಕಣ್ಣು ತೆರೆಸಿದ ಕೋವಿ ಮೇಷ್ಟ್ರು

ಪದಾತಿ ದಳದ ಆಯುಧಗಳ ಪಂಕ್ತಿಯಲ್ಲಿ ಷಾಟ್‌ಗನ್ನಿಗೆ ಯಾವಾಗಲೂ ಕೊನೆಯ ಮಣೆ. ರೈಫಲ್ಲಿಗೆ ಪದಕಗಳಿವೆ, ಫಿರಂಗಿಗೆ ಹಾಡುಗಳಿವೆ. ಒಂದೇ ಗುಂಡನ್ನು ದೂರಕ್ಕೆ ಕಳಿಸುವ ಬದಲು ಒಂದು ಹಿಡಿ ಚರೆಗಳನ್ನು ಹತ್ತಿರದಲ್ಲೇ ಚಿಮ್ಮಿಸುವ ಈ ದಪ್ಪ ನಳಿಗೆಯ ಕೋವಿಯನ್ನು ಮೆರವಣಿಗೆಯಲ್ಲಿ ಹೆಗಲ ಮೇಲಿಟ್ಟು ನಡೆದವರನ್ನು ನಾನು ಕಂಡಿಲ್ಲ. ಇಕ್ಕಟ್ಟಾದ ಓಣಿ, ಹಡಗಿನ ಒಳಮಾಳಿಗೆ, ಕತ್ತಲೆಯ ಮೆಟ್ಟಿಲು, ತೆರೆಯದ ಬಾಗಿಲು, ಇಂಥ ಕಡೆಗಳಲ್ಲಿ ಮಾತ್ರ ಸೈನ್ಯಕ್ಕೆ ಅದರ ನೆನಪಾಗುತ್ತದೆ. ಕೆಲಸ ಮುಗಿದ ಮೇಲೆ ಮತ್ತೆ ಕಪಾಟಿನ ಮೂಲೆ. ಇಂಥ ಆಯುಧಕ್ಕೂ ಒಂದು ಶಾಸ್ತ್ರವಿದೆ, ಒಂದು ಪಾಠಕ್ರಮವಿದೆ, ಅದಕ್ಕಿಂತ ಹೆಚ್ಚಾಗಿ ಒಂದು ಸಂಯಮವಿದೆ ಎಂಬುದನ್ನು ನಮ್ಮ ಶಸ್ತ್ರ ತರಬೇತಿ ಶಾಲೆಯಲ್ಲಿ ತಮ್ಮ ಇಡೀ ಸೇವಾವಧಿಯನ್ನು ಸವೆಸಿ ತೋರಿಸಿಕೊಟ್ಟವರು ಈ ಗ್ರಂಥದ ಮೂಲಕ ನಾವು ಅಭಿನಂದಿಸುತ್ತಿರುವ ಹಿರಿಯರು.

ಅವರ ಪೂರ್ಣ ಹೆಸರು, ಹುದ್ದೆ, ಪಡೆದ ಗೌರವಗಳು ಎಲ್ಲವೂ ಗ್ರಂಥದ ಮೊದಲ ಪುಟಗಳಲ್ಲಿ ಅಚ್ಚಾಗಿವೆ. ನಾನು ಅವರನ್ನು ಕೋವಿ ಮೇಷ್ಟ್ರು ಎಂದೇ ಕರೆಯುತ್ತೇನೆ. ಗೇಟಿನ ಕಾವಲಿನವರಿಂದ ಹಿಡಿದು ಶಾಲೆಯ ಮುಖ್ಯಾಧಿಕಾರಿಗಳವರೆಗೆ ಎಲ್ಲರೂ ಕರೆದದ್ದು ಹಾಗೆಯೇ. ನಾನು ಅದೇ ಶಾಲೆಯ ಪಠ್ಯ ವಿಭಾಗದಲ್ಲಿ ಕೈಪಿಡಿಗಳನ್ನು ಬರೆಯುತ್ತಿದ್ದವಳು. ಆಯುಷ್ಯದಲ್ಲಿ ಒಂದು ಕೋವಿಯನ್ನೂ ಹಾರಿಸಿದವಳಲ್ಲ. ಈ ಲೇಖನಕ್ಕೆ ನಾನು ತಕ್ಕವಳಲ್ಲವೆಂದು ಸಂಪಾದಕರಿಗೆ ಹೇಳಿ ನೋಡಿದೆ. "ಹಾರಿಸಿದವರೆಲ್ಲ ಬರೆದಾಯ್ತು ಅಮ್ಮ, ಎಲ್ಲರದ್ದೂ ಒಂದೇ ಥರ ಢಂ ಢಂ ಅಂತಿದೆ. ನೀವು ಸ್ವಲ್ಪ ಮೆಲ್ಲಗೆ ಬರೀರಿ" ಎಂದರು ಅವರು. ಆ ಮಾತಿನ ಮೇಲೆ ಒಪ್ಪಿಕೊಂಡೆ.

ಸಾಹಿತ್ಯದಲ್ಲಿ ಪದವಿ ಮುಗಿಸಿ ನಾನು ಕೆಲಸಕ್ಕೆ ಸೇರಿದ್ದ ಹೊಸತು. ಷಾಟ್‌ಗನ್ ಶಾಖೆಗೆ ಒಂದು ಕೈಪಿಡಿ ಬೇಕೆಂದು ಆದೇಶವಾಯಿತು. ಹಳೆಯ ಸುತ್ತೋಲೆಗಳನ್ನೆಲ್ಲ ರಾಶಿ ಹಾಕಿಕೊಂಡು, ನನಗೆ ತಿಳಿದ ದೊಡ್ಡ ದೊಡ್ಡ ಪದಗಳನ್ನೆಲ್ಲ ಬಳಸಿ ಒಂದು ಕರಡು ಸಿದ್ಧಪಡಿಸಿದೆ. ಆಗ ಮೇಷ್ಟ್ರು ಇನ್ನೂ ಮೀಸೆ ಸರಿಯಾಗಿ ದಪ್ಪವಾಗದ ಕಿರಿಯ ಬೋಧಕರು. ಕರಡನ್ನು ಕೊನೆಯವರೆಗೂ ಗಂಭೀರವಾಗಿ ಓದಿ, ಎರಡೂ ಕೈಯಲ್ಲಿ ಹಿಡಿದು ನನಗೆ ಹಿಂದಿರುಗಿಸಿದರು.

"ಅಕ್ಕಾ, ತುಂಬಾ ಚೆನ್ನಾಗಿದೆ. ಆದರೆ ಇದನ್ನ ಓದಿದ ಮೇಲೆ ನನಗೇ ಕೋವಿ ಮುಟ್ಟೋಕೆ ಭಯ ಆಗ್ತಿದೆ. ಸ್ವಲ್ಪ ಬನ್ನಿ."

ದುರಸ್ತಿ ಕೋಣೆಗೆ ಕರೆದುಕೊಂಡು ಹೋಗಿ, ಎಣ್ಣೆ ತಾಗದಂತೆ ನನ್ನ ಸೀರೆಯ ಮೇಲೆ ಒಗೆದ ಬಟ್ಟೆಯೊಂದನ್ನು ಹಾಸಿ, ಖಾಲಿ ಮಾಡಿದ ಕೋವಿಯನ್ನು ಬಿಚ್ಚಿ ಒಂದೊಂದೇ ಭಾಗವನ್ನು ನನ್ನ ಮಡಿಲಿಗೆ ಹಾಕಿದರು. ಇದು ಏನು ಮಾಡುತ್ತದೆ ಎಂದು ಅವರು ಹೇಳುವುದು, ಹಾಗಾದರೆ ಇದನ್ನು ಏನೆಂದು ಕರೆಯೋಣ ಎಂದು ನಾನು ಯೋಚಿಸುವುದು. ಹಿಂದಕ್ಕೆಳೆದು ಮುಂದಕ್ಕೆ ತಳ್ಳಿದರೆ ಮುಂದಿನ ತೋಟಾವನ್ನು ನಳಿಗೆಗೆ ಏರಿಸುವ ಭಾಗಕ್ಕೆ ನಾನು "ಜಾರುಹಿಡಿ" ಎಂದೆ. ಅವರು ಆ ಪದವನ್ನು ಎರಡು ಸಲ ಬಾಯಲ್ಲಿ ಆಡಿಸಿ ನೋಡಿದರು. ಮರುದಿನ ಪಡಸಾಲೆಯಲ್ಲಿ ಹಾದುಹೋಗುವಾಗ ಅವರು ತರಗತಿಯಲ್ಲಿ "ಜಾರುಹಿಡಿ ಪೂರ್ತಿ ಹಿಂದಕ್ಕೆ!" ಎಂದು ಕೂಗುತ್ತಿದ್ದದ್ದು ಕೇಳಿಸಿತು. ಹೊಸದಾಗಿ ಕೆಲಸಕ್ಕೆ ಸೇರಿದ ಹೆಣ್ಣುಮಗಳೊಬ್ಬಳಿಗೆ ಅದಕ್ಕಿಂತ ದೊಡ್ಡ ಸ್ವಾಗತ ಬೇರೆ ಇರಲಾರದು.

ಅವರ ಪಾಠದ ಕ್ರಮವೇ ಬೇರೆ. ಮೊದಲ ಕೆಲವು ದಿನ ತರಗತಿಯಲ್ಲಿ ನಿಜವಾದ ತೋಟಾದ ವಾಸನೆಯೂ ಇರುತ್ತಿರಲಿಲ್ಲ. ಮದ್ದಿಲ್ಲದ ಸುಳ್ಳು ತೋಟಾಗಳನ್ನು ಕೊಟ್ಟು, ಶಿಬಿರಾರ್ಥಿಗಳು ಕಣ್ಣು ಕಟ್ಟಿಕೊಂಡು ತುಂಬುತ್ತಿರುವಾಗ ಇವರು ಊರು ಮನೆ ವಿಚಾರಿಸುತ್ತಿದ್ದರು. "ನಿಮ್ಮಮ್ಮನಿಗೆ ಮಂಡಿನೋವು ಅಂದಿದ್ಯಲ್ಲ, ಹೇಗಿದ್ದಾರೆ?" ಎಂದು ಕೇಳಿದರೆ ಶಿಬಿರಾರ್ಥಿ ಉತ್ತರ ಹೇಳಬೇಕು, ಕೈ ನಿಲ್ಲಬಾರದು. ಮನಸ್ಸು ಎಲ್ಲೋ ಇದ್ದರೂ ಬೆರಳುಗಳಿಗೆ ದಾರಿ ತಿಳಿದಿರಬೇಕು ಎಂಬುದು ಅದರ ಉದ್ದೇಶ. ಅಮ್ಮಂದಿರ ಮಂಡಿನೋವಿನ ಸಮಾಚಾರವೂ ಅವರಿಗೆ ನಿಜಕ್ಕೂ ಬೇಕಾಗಿತ್ತು ಎಂಬುದು, ಅವರು ನಮ್ಮ ದವಾಖಾನೆಯ ವೈದ್ಯರ ಬಳಿ ಹೋಗಿ ಮುಲಾಮು ಕೇಳಿ ತಂದುಕೊಡುತ್ತಿದ್ದುದನ್ನು ಕಂಡವರಿಗೆ ಗೊತ್ತು.

ಹೊಸಬರು ಕೋವಿಯ ಸದ್ದಿಗೂ ಒದೆತಕ್ಕೂ ಹೆದರಿ, ಟ್ರಿಗರ್ ಎಳೆಯುವ ಕ್ಷಣದಲ್ಲಿ ಮೈ ಬಿಗಿಹಿಡಿದು ಕುಗ್ಗುತ್ತಾರೆ. ಯಾರು ಕುಗ್ಗುತ್ತಾರೆಂದು ಕಂಡುಹಿಡಿಯಲು ನಿಜವಾದ ತೋಟಾಗಳ ನಡುವೆ ಒಂದು ಸುಳ್ಳು ತೋಟಾ ಸೇರಿಸುವ ಪದ್ಧತಿ ಎಲ್ಲ ಕಡೆಯೂ ಉಂಟು. ಸದ್ದು ಬಾರದಿದ್ದರೂ ಮೈ ಜರ್ರನೆ ನಡುಗಿದರೆ ಉಳಿದವರೆಲ್ಲ ನಗುತ್ತಾರೆ. ಮೇಷ್ಟ್ರು ಮಾತ್ರ ಎಲ್ಲರ ಕೋವಿಗೂ ಒಂದೇ ಹೊತ್ತಿಗೆ ಸುಳ್ಳು ತೋಟಾ ಬರುವಂತೆ ಜೋಡಿಸುತ್ತಿದ್ದರು. ಸಾಲಿಗೆ ಸಾಲೇ ಒಟ್ಟಿಗೆ ನಡುಗುತ್ತಿತ್ತು. ನಗಲು ಯಾರೂ ಉಳಿಯುತ್ತಿರಲಿಲ್ಲ. "ಒಬ್ಬನೇ ನಡುಗಿದ್ರೆ ನಾಚಿಕೆ, ಎಲ್ಲರೂ ನಡುಗಿದ್ರೆ ವ್ಯಾಯಾಮ" ಎನ್ನುತ್ತಿದ್ದರು.

ಹೆಗಲು ಕಂದಿದವರಿಗಾಗಿ ಹಳೆಯ ಕಂಬಳಿಗಳಿಂದ ಮೆತ್ತೆಗಳನ್ನು ಮಾಡಿಸಿದ್ದರು. ಅವರ ಮನೆಯವರು ಹೊಲಿಗೆಯಲ್ಲಿ ಪಳಗಿದ ಕೈ. ಒಮ್ಮೆ ಅವರ ಮನೆಗೆ ಹೋಗಿದ್ದಾಗ ಆಕೆ ಯಂತ್ರದ ಮುಂದೆ ಮೆತ್ತೆಗಳ ಗುಡ್ಡೆ ಹಾಕಿಕೊಂಡು ಕುಳಿತಿದ್ದರು.

"ನೋಡಿ ಅಕ್ಕಾ, ಮದುವೆ ಆದಾಗಿನಿಂದ ನನಗೊಂದು ದಿಂಬು ಹೊಲ್ಕೊಳ್ಳೋಕೆ ಪುರಸೊತ್ತಿಲ್ಲ. ಸೈನ್ಯಕ್ಕೆಲ್ಲ ದಿಂಬು ನಮ್ಮನೆಯಿಂದ."

"ಮೇಷ್ಟ್ರಿಗೆ ಹೇಳಬಾರದಾ?" ಎಂದೆ.

"ಅವರ ಎಡಗಿವಿ ಆ ಢಂ ಢಂ ಕೇಳಿ ಕೇಳಿ ಯಾವತ್ತೋ ಹೋಗಿದೆ. ಜಗಳ ಆಡ್ಬೇಕು ಅಂದ್ರೆ ಬಲಗಡೆಗೆ ಹೋಗ್ಬೇಕು. ಅಷ್ಟು ಹೊತ್ತಿಗೆ ನನ್ನ ಕೋಪಾನೇ ಇಳಿದಿರುತ್ತೆ."

ಮೇಷ್ಟ್ರು ಎಡಗಿವಿಯನ್ನು ನಮ್ಮ ಕಡೆಗೇ ಮಾಡಿ ಕುಳಿತು ಚಹಾ ಕುಡಿಯುತ್ತ ನಸುನಗುತ್ತಿದ್ದರು. ಎಷ್ಟು ಕೇಳಿಸಿತೋ ನಾನರಿಯೆ.

ಕೋವಿ ಕಲಿಸುವವರನ್ನು ಹೊಗಳಿ ಬರೆಯಲು ನನ್ನಂಥವಳಿಗೆ ಮನಸ್ಸು ಹೇಗೆ ಬಂತೆಂದು ಓದುಗರಲ್ಲಿ ಕೆಲವರಿಗಾದರೂ ಅನ್ನಿಸೀತು. ಅದಕ್ಕೆ ಉತ್ತರವಾಗಿ ನಮ್ಮ ಕೈಪಿಡಿಯ ಬಾಗಿಲಿನ ಅಧ್ಯಾಯದ ಕಥೆ ಹೇಳಬೇಕು. ಬೀಗ ಹಾಕಿದ ಬಾಗಿಲನ್ನು ತೆರೆಯಲು ಸೈನಿಕರು ಷಾಟ್‌ಗನ್ ಬಳಸುತ್ತಾರೆ. ಅದಕ್ಕೆಂದೇ, ಕಬ್ಬಿಣಕ್ಕೆ ತಗುಲಿದೊಡನೆ ಪುಡಿಯಾಗಿ ಉದುರಿ ಒಳಗಿರುವವರಿಗೆ ಆದಷ್ಟು ಕಡಿಮೆ ಅಪಾಯವಾಗುವಂಥ ಬೇರೆ ಬಗೆಯ ತೋಟಾ ಇದೆ. ಮೇಷ್ಟ್ರು ಸಿಪಾಯಿಯಾಗಿದ್ದ ಕಾಲದಲ್ಲಿ ಗಲಭೆಯ ಊರೊಂದರಲ್ಲಿ ಅಂಥದೊಂದು ಬಾಗಿಲು ತೆರೆಯುವ ಆಜ್ಞೆಯಾಯಿತು. ಇವರು ನಿಯಮದ ಪ್ರಕಾರ ಕೂಗಿ ಎಚ್ಚರಿಸಿ, ನಳಿಗೆಯನ್ನು ನೆಲದ ಕಡೆಗೆ ಓರೆ ಮಾಡಿ, ಕೀಲುಗಳನ್ನು ಒಡೆದರು. ಬಾಗಿಲು ಧೊಪ್ಪನೆ ಬಿತ್ತು. ಒಳಗೆ ಗೋಡೆಗೆ ಒರಗಿ ಕುರ್ಚಿಯಲ್ಲಿ ಒಬ್ಬ ಕಿವುಡು ಅಜ್ಜ. ಪಕ್ಕದಲ್ಲಿ ಬಾಯಿ ತೆರೆದು ನೋಡುತ್ತಿದ್ದ ಪುಟ್ಟ ಮೊಮ್ಮಗಳು. ಇಬ್ಬರಿಗೂ ಏನೂ ಆಗಿರಲಿಲ್ಲ. ಅಜ್ಜ ಎದ್ದು ಬಂದು ಬಾಗಿಲನ್ನು ನೋಡಿ, ಇವರನ್ನು ನೋಡಿ, "ಚಿಲಕಾನೇ ಹಾಕಿರ್ಲಿಲ್ಲ ಕಣಯ್ಯಾ! ತಳ್ಳೋಕೇನಾಗಿತ್ತು ನಿನಗೆ?" ಎಂದು ಬೈದರಂತೆ.

ಈ ಕಥೆಯನ್ನು ಮೇಷ್ಟ್ರು ಎಲ್ಲರನ್ನೂ ನಗಿಸುವಂತೆಯೇ ಹೇಳುತ್ತಿದ್ದರು. ಆದರೆ ಕೈಪಿಡಿಯ ಆ ಅಧ್ಯಾಯದಲ್ಲಿ ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ, ಒಂದು ವಾಕ್ಯ ಇರಲೇಬೇಕೆಂದು ಹಟ ಹಿಡಿದರು. "ಮೊದಲು ತಳ್ಳಿ ನೋಡಿ." ಮೇಲಿನವರು ಇದು ಶಾಸ್ತ್ರೀಯವಾಗಿಲ್ಲವೆಂದು ಹೊಡೆದುಹಾಕಿದಾಗ ಅವರು ಅಧಿಕಾರಿಗಳ ಕೋಣೆಯ ಮುಂದೆ ಮಧ್ಯಾಹ್ನವಿಡೀ ನಿಂತು ಅದನ್ನು ಮತ್ತೆ ಸೇರಿಸುವಂತೆ ಮಾಡಿದರು. ಆ ಪುಸ್ತಕದಲ್ಲಿ ನಾನು ಬರೆದ ಎಷ್ಟೋ ವಾಕ್ಯಗಳು ಪರಿಷ್ಕರಣೆಗಳಲ್ಲಿ ಉದುರಿಹೋಗಿವೆ. ಆ ಒಂದು ವಾಕ್ಯ ಮಾತ್ರ ಇಂದಿಗೂ ಇದೆ.

ನಾನು ನಿವೃತ್ತಳಾಗುವ ಹೊತ್ತಿಗೆ ಷಾಟ್‌ಗನ್ನಿನ ಕಾಲ ಮುಗಿಯಿತೆಂದು ಎಲ್ಲರೂ ಹೇಳತೊಡಗಿದ್ದರು. ಶಾಖೆಯನ್ನು ಮುಚ್ಚಿದರು, ಮೇಷ್ಟ್ರನ್ನು ಉಗ್ರಾಣಕ್ಕೆ ಹಾಕಿದರು. ಬೇರೆಯವರಾಗಿದ್ದರೆ ಗೊಣಗುತ್ತ ದಿನ ತಳ್ಳುತ್ತಿದ್ದರು. ಇವರು ಯಾರೂ ಕೇಳದ ಕೋವಿಗಳಿಗೆ ವಾರವಾರವೂ ಎಣ್ಣೆ ಹಾಕಿ, ಒರೆಸಿ, ಜಾರುಹಿಡಿಯನ್ನು ಎಳೆದು ಬಲಗಿವಿಯಿಂದ ಸದ್ದು ಕೇಳಿ, ಮತ್ತೆ ಕಪಾಟಿಗೆ ಸೇರಿಸುತ್ತಿದ್ದರಂತೆ. "ಮೇಷ್ಟ್ರೇ, ಮಕ್ಕಳಿಗೆ ಎಣ್ಣೆಸ್ನಾನ ಆಯ್ತಾ?" ಎಂದು ಉಗ್ರಾಣದವರು ರೇಗಿಸಿದರೆ, "ಆಯ್ತು, ಇನ್ನು ಮಲಗಿಸ್ಬೇಕು" ಎನ್ನುತ್ತಿದ್ದರಂತೆ.

ಆಮೇಲೆ ಆಕಾಶದಲ್ಲಿ ಡ್ರೋನ್‌ಗಳು ಬಂದವು. ಊಟದ ತಟ್ಟೆಯಷ್ಟಗಲದ ಈ ಯಂತ್ರಗಳು ಕಣಜದ ಹುಳುವಿನಂತೆ ಗುಂಯ್‌ಗುಡುತ್ತ ಬಂದು ಸಿಪಾಯಿಗಳ ತಲೆಯ ಮೇಲೆ ಸ್ಫೋಟಕ ಹಾಕಿ ಹೋಗುವ ಕಾಲ ಬಂತು. ರೈಫಲ್ಲಿನ ಒಂದು ಗುಂಡಿಗೆ ಅವು ಸಿಗುವುದು ಕಷ್ಟ. ಒಂದು ಹಿಡಿ ಚರೆ ಹರಡಿಕೊಂಡು ಹೋದರೆ ಸಿಗುತ್ತವೆ. ಹಳೆಯ ಕೋವಿಗಳೆಲ್ಲಿ ಎಂದು ಸೈನ್ಯ ಹುಡುಕತೊಡಗಿತು. ನಮ್ಮ ಶಾಲೆಯವು ಮಾತ್ರ ಕಪಾಟಿನಿಂದ ತೆಗೆದ ದಿನವೇ ಕೆಲಸಕ್ಕೆ ಸಿದ್ಧವಾಗಿದ್ದವು. ಶಾಖೆ ಮತ್ತೆ ತೆರೆಯಿತು. ಕೈಪಿಡಿಗೆ ಹೊಸ ಅಧ್ಯಾಯ ಸೇರಿಸಲು ನನಗೂ ಕರೆ ಬಂತು. ಮೊಣಕಾಲು ಹಿಡಿದುಕೊಂಡು ಹೋದೆ.

ಆದರೆ ಅಷ್ಟರಲ್ಲಿ ಮೇಷ್ಟ್ರ ನಿವೃತ್ತಿಯ ವರ್ಷ ಬಂದುಬಿಟ್ಟಿತ್ತು. ಪ್ರಮಾಣಪತ್ರ ಪಡೆದ ಬೋಧಕರಿಲ್ಲದ ಶಾಖೆ ನಡೆಯುವಂತಿಲ್ಲ ಎಂಬುದು ಶಾಲೆಯ ನಿಯಮ. ಇವರು ಹೋಗುವುದರೊಳಗೆ ಇನ್ನೊಬ್ಬರು ಬೋಧಕರ ಪರೀಕ್ಷೆಯಲ್ಲಿ ತೇರ್ಗಡೆಯಾಗದಿದ್ದರೆ ಶಾಖೆ ಎರಡನೆಯ ಬಾರಿ, ಬಹುಶಃ ಶಾಶ್ವತವಾಗಿ, ಮುಚ್ಚಿಹೋಗುತ್ತಿತ್ತು. ಅವರ ಕೊನೆಯ ತಂಡದಲ್ಲಿದ್ದ ಉಳಿದವರೆಲ್ಲ ತಮ್ಮ ತಮ್ಮ ದಳಗಳಿಗೆ ಹಿಂದಿರುಗಬೇಕಾದವರು. ಶಾಲೆಗೇ ಕಾಯಂ ಆಗಿ ನೇಮಕವಾಗಿದ್ದವಳು ಒಬ್ಬಳೇ ಒಬ್ಬಳು.

ಅವಳು ಗಾರೆ ಕೆಲಸದವರ ಮಗಳು. ರೈಫಲ್ಲಿನಲ್ಲಿ ಪದಕಗಳನ್ನು ಬಾಚಿಕೊಂಡು ಬಂದವಳು. ಅದೇ ಅವಳಿಗೆ ಮುಳುವಾಯಿತು. ರೈಫಲ್ ಕಲಿತವರು ಒಂದು ಕಣ್ಣು ಮುಚ್ಚುತ್ತಾರೆ, ಉಸಿರು ಕಟ್ಟುತ್ತಾರೆ, ಕಲ್ಲಿನಂತೆ ನಿಂತು ಟ್ರಿಗರ್ ಒತ್ತುತ್ತಾರೆ. ಹಾರುವ ವಸ್ತುವಿಗೆ ಹಾಗೆ ನಿಂತರೆ ಅಷ್ಟರಲ್ಲಿ ಅದು ಮುಂದಕ್ಕೆ ಹೋಗಿರುತ್ತದೆ. ಎರಡೂ ಕಣ್ಣು ತೆರೆದು, ಅದರ ಜೊತೆಗೇ ಕೋವಿಯನ್ನು ತಿರುಗಿಸುತ್ತ, ಅದಕ್ಕಿಂತ ಸ್ವಲ್ಪ ಮುಂದಕ್ಕೆ ಹೋಗಿ, ಹೊಡೆದ ಮೇಲೂ ಕೈ ನಿಲ್ಲಿಸದಿರುವುದು ಷಾಟ್‌ಗನ್ನಿನ ರೀತಿ. ಯಂತ್ರ ಎಸೆಯುವ ಮಣ್ಣಿನ ಬಿಲ್ಲೆಗಳ ಮೇಲೆ ಅಭ್ಯಾಸ ನಡೆಯುತ್ತಿತ್ತು. ಸಾಧಾರಣ ಗುರಿಗಾರರು ಕೂಡ ಕೆಲವೇ ದಿನಗಳಲ್ಲಿ ಬಿಲ್ಲೆ ಒಡೆಯತೊಡಗಿದರು. ಇವಳ ಬಿಲ್ಲೆಗಳು ಮಾತ್ರ ಗಟ್ಟಿಯಾಗಿಯೇ ಹುಲ್ಲಿಗೆ ಬೀಳುತ್ತಿದ್ದವು.

"ಒಂಟಿಗಣ್ಣಿ, ನಿನ್ನ ಬಿಲ್ಲೆಗಳನ್ನ ತೊಳೆದು ಮತ್ತೆ ಉಪಯೋಗಿಸ್ಬಹುದು ಕಣೇ!" ಎಂದು ಜೊತೆಯವರು ಚುಡಾಯಿಸುತ್ತಿದ್ದರು.

"ನಗ್ರಿ ನಗ್ರಿ. ಡ್ರೋನ್ ಬಂದು ನಿಂತ್ಕೊಳ್ಳಲಿ, ಆಗ ತೋರಿಸ್ತೀನಿ."

"ಅದಕ್ಕೆ ಮೊದಲೇ ಹೇಳಿಕಳಿಸು, ಅಕ್ಕ ಬರ್ತಾಳೆ ನಿಂತ್ಕೋ ಅಂತ."

ನಗುತ್ತಲೇ ಉತ್ತರ ಕೊಡುತ್ತಿದ್ದವಳು ಒಂದು ಮಧ್ಯಾಹ್ನ ಮೇಷ್ಟ್ರ ಮುಂದೆ ಬಂದು ನಿಂತಳು. ನಾನು ಅಲ್ಲಿಯೇ ಅಧ್ಯಾಯದ ಕರಡು ಓದುತ್ತ ಕುಳಿತಿದ್ದೆ.

"ಮೇಷ್ಟ್ರೇ, ನನ್ನನ್ನ ರೈಫಲ್ ಶಾಖೆಗೇ ಕಳಿಸಿಬಿಡಿ. ನನ್ನಿಂದ ನಿಮ್ಮ ಶಾಖೆ ಮುಚ್ಚಿತು ಅನ್ನೋ ಮಾತು ನನಗೆ ಬೇಡ."

ಶಾಖೆ ಉಳಿಯುವುದು ಬಿಡುವುದು ಅವಳೊಬ್ಬಳ ಮೇಲಿದೆ ಎಂದು ಅವರು ಅವಳಿಗೆ ಒಂದು ದಿನವೂ ಹೇಳಿರಲಿಲ್ಲ. ಬೇರೆ ಯಾರೋ ಹೇಳಿಬಿಟ್ಟಿದ್ದರು. ಮೇಷ್ಟ್ರು ಸಮಾಧಾನದ ಮಾತಾಡಲಿಲ್ಲ. ಕುರ್ಚಿ ಎಳೆದು ಕೂರಿಸಿ, ಎಂದಿನಂತೆ ಮನೆಯ ವಿಚಾರ ಎತ್ತಿದರು.

"ನಿಮ್ಮಪ್ಪನ ಜೊತೆ ನೀನೂ ಕೆಲಸಕ್ಕೆ ಹೋಗ್ತಿದ್ಯಾ?"

"ರಜೆ ಇದ್ದಾಗ ಹೋಗ್ತಿದ್ದೆ. ಇಟ್ಟಿಗೆ ಹಿಡಿಯೋಕೆ."

"ಹಿಡಿಯೋಕೆ ಅಂದ್ರೆ?"

"ಅಪ್ಪ ಕೆಳಗಿನಿಂದ ಒಂದೊಂದೇ ಇಟ್ಟಿಗೆ ಮೇಲಕ್ಕೆಸೀತಿದ್ರು. ನಾನು ಬೊಂಬು ಕಟ್ಟಿದ ಸಾರುವೆ ಮೇಲೆ ನಿಂತು ಹಿಡ್ಕೊಂಡು ಪಕ್ಕಕ್ಕೆ ಜೋಡಿಸ್ಬೇಕು. ಒಂದರ ಹಿಂದೆ ಒಂದು ಬರ್ತಾನೇ ಇರುತ್ತೆ."

"ಹಿಡಿಯೋವಾಗ ಒಂದು ಕಣ್ಣು ಮುಚ್ಕೋತಿದ್ಯಾ?"

"ಮುಚ್ಕೊಂಡಿದ್ರೆ ಈ ಹಲ್ಲು ಇರ್ತಿರ್ಲಿಲ್ಲ ಮೇಷ್ಟ್ರೇ."

"ಉಸಿರು ಕಟ್ತಿದ್ಯಾ?"

"ಕಟ್ಟೋದೆಲ್ಲಿ ಬಂತು, ಅಪ್ಪನ್ನ ಬೈಕೊಂಡೇ ಹಿಡೀತಿದ್ದೆ, ನಿಧಾನಕ್ಕೆ ಎಸಿ ಅಂತ."

ಅಷ್ಟು ಹೇಳಿ ಅವಳು ತನ್ನ ಅಂಗೈಗಳನ್ನೇ ನೋಡಿಕೊಂಡಳು. ಮೇಷ್ಟ್ರು ಎದ್ದು, "ನಾಳೆ ಕೋವಿ ಬೇಡ. ಹಳೇ ಗೋಡೆ ಹತ್ರ ಬಾ" ಎಂದರು.

ಮರುದಿನ ಶಾಲೆಯ ಹಿಂದಿನ ಹಳೆಯ ಗೋಡೆಯ ಬಳಿ ನಾನು ಕಂಡದ್ದು ಒಂದು ವಿಚಿತ್ರ ಪಾಠ. ತೋಟದ ಕೆಲಸದವರನ್ನು ಒಪ್ಪಿಸಿ, ಅಲ್ಲಿ ಬಿದ್ದಿದ್ದ ಇಟ್ಟಿಗೆಗಳನ್ನು ಅವರಿಂದ ಎಸೆಸಿದರು. ಗೋಡೆಯ ಮೇಲೆ ನಿಂತು ಆ ಹುಡುಗಿ, ಮೊದಮೊದಲು ಅಳುಕುತ್ತ, ಆಮೇಲೆ ತೋಟದವರನ್ನೇ "ಜೋರಾಗಿ ಎಸೀರಿ, ಊಟ ಮಾಡಿಲ್ವಾ?" ಎಂದು ಗದರಿಸುತ್ತ, ಒಂದರ ಹಿಂದೊಂದು ಹಿಡಿದು ಜೋಡಿಸತೊಡಗಿದಳು. ಕೆಲವು ದಿನ ಹೀಗೆಯೇ ನಡೆಯಿತು. ಮುಖ್ಯಾಧಿಕಾರಿಗಳು ಒಮ್ಮೆ ಆ ಕಡೆ ಬಂದವರು, ಶಸ್ತ್ರಶಾಲೆಯಲ್ಲಿ ಇದೇನು ಕಟ್ಟಡದ ಕೆಲಸ ಎಂದು ಕೇಳಿದರು. "ಡ್ರೋನ್ ಪಾಠ ಸಾರ್" ಎಂದರು ಮೇಷ್ಟ್ರು. ಅಧಿಕಾರಿಗಳು ನನ್ನ ಮುಖ ನೋಡಿದರು. ಕೈಪಿಡಿ ಬರೆದವಳಾದ್ದರಿಂದ ನಾನೂ ಗಂಭೀರವಾಗಿ ತಲೆಯಾಡಿಸಿದೆ.

ಅನಂತರ ಒಂದು ಬೆಳಿಗ್ಗೆ ಅವಳ ಕೈಗೆ ಮತ್ತೆ ಕೋವಿ ಕೊಟ್ಟು, "ಹೊಡೀಬೇಡ. ಹಿಡಿ" ಎಂದರು. ಬಿಲ್ಲೆ ಹಾರಿತು. ಅವಳು ಹಿಡಿಯಲು ಹೋದವಳಂತೆ ಇಡೀ ಮೈಯಿಂದ ತಿರುಗಿದಳು. ಬಿಲ್ಲೆ ಕರಿಯ ಪುಡಿಯಾಗಿ ಗಾಳಿಯಲ್ಲಿ ತೇಲಿತು. ಚುಡಾಯಿಸುತ್ತಿದ್ದವರೇ ಮೊದಲು ಚಪ್ಪಾಳೆ ತಟ್ಟಿದ್ದು.

ಆದರೆ ಬೋಧಕರ ಪರೀಕ್ಷೆಯಲ್ಲಿ ತಾನು ಹೊಡೆದರೆ ಸಾಲದು, ಗೊತ್ತಿಲ್ಲದವರಿಂದ ಹೊಡೆಸಬೇಕು. ಪರೀಕ್ಷಕ ಮಂಡಳಿಯ ಮುಖ್ಯಸ್ಥರಾಗಿ ಬಂದ ದೊಡ್ಡ ಸಾಹೇಬರು ತಮ್ಮ ಕಾಲದಲ್ಲಿ ರೈಫಲ್ಲಿನಲ್ಲಿ ಹೆಸರಾಂತವರು. ಹುಡುಗಿ ತನ್ನ ಪಾಲಿನ ಗುರಿಗಳನ್ನು ಸಲೀಸಾಗಿ ಮುಗಿಸಿದಳು. ಕಲಿಯುವವರಾಗಿ ಬರಲು ಕ್ಯಾಂಟೀನಿನ ಅಡುಗೆಯವರು ಶುಭ್ರವಾದ ಅಂಗಿ ತೊಟ್ಟು ಸಿದ್ಧರಾಗಿ ನಿಂತಿದ್ದರು. ಅಷ್ಟರಲ್ಲಿ ಸಾಹೇಬರು, "ಅವರು ಬೇಡ. ಷಾಟ್‌ಗನ್ ನಾನೂ ಮುಟ್ಟಿಲ್ಲ. ನನಗೇ ಕಲಿಸಮ್ಮ ನೋಡೋಣ" ಎಂದು ಎದ್ದುಬಿಟ್ಟರು. ಅಡುಗೆಯವರ ಮುಖ ಸಪ್ಪಗಾಯಿತು.

ಸಾಹೇಬರು ಎಡಗಣ್ಣು ಮುಚ್ಚಿದರು, ಉಸಿರು ಕಟ್ಟಿದರು, ವಿಗ್ರಹದಂತೆ ನಿಂತು ಹೊಡೆದರು. ಗುರಿಗೆಂದು ಹಾರಿಸಿದ್ದ ಥರ್ಮೋಕೋಲಿನ ಪುಟ್ಟ ಡ್ರೋನ್ ಆರಾಮವಾಗಿ ಹಾರಿಹೋಯಿತು. ಮತ್ತೆ ಹೊಡೆದರು; ಮತ್ತೆ ಹಾಗೆಯೇ. ಅವರ ಕಿವಿ ಕೆಂಪಗಾಯಿತು. ಹುಡುಗಿ ಪಕ್ಕದಲ್ಲಿ ನೆಟ್ಟಗೆ ನಿಂತಿದ್ದಳು, ಬಾಯಿ ಬಿಡಲಿಲ್ಲ. ಸೈನ್ಯದಲ್ಲಿ ಅಷ್ಟು ದೊಡ್ಡವರಿಗೆ ನೀವು ನಿಂತಿರುವುದೇ ತಪ್ಪು ಎನ್ನುವುದು ಸಣ್ಣ ಮಾತಲ್ಲ. ಅವಳು ತಿರುಗಿ ಮೇಷ್ಟ್ರ ಮುಖ ನೋಡಿದಳು. ಮಂಡಳಿಯವರೂ ನೋಡಿದರು. ಮೇಷ್ಟ್ರು ಒಂದು ಮಾತು ಹೇಳಿದ್ದರೆ ಸಾಹೇಬರು ಸಂತೋಷದಿಂದ ಕೇಳುತ್ತಿದ್ದರು. ಆದರೆ ಪರೀಕ್ಷೆ ಅಲ್ಲಿಗೇ ಮುಗಿಯುತ್ತಿತ್ತು.

ಮೇಷ್ಟ್ರು ಎದ್ದು ನಿಂತರು. "ಅಕ್ಕಾ, ಫ್ಲಾಸ್ಕಲ್ಲಿ ಚಹಾ ಮುಗಿದಿದೆ. ಬನ್ನಿ, ತರೋಣ."

ಫ್ಲಾಸ್ಕ್ ಕೈಗೆತ್ತಿಕೊಂಡರೆ ಕಂಠಮಟ್ಟ ತುಂಬಿತ್ತು. ನಾನು ಅದನ್ನು ಹೊತ್ತು ಅವರ ಹಿಂದೆ ನಡೆದೆ. ಅವರು ಕ್ಯಾಂಟೀನಿನ ಕಡೆ ಹೋಗಲಿಲ್ಲ. ಮೈದಾನದ ಅಂಚಿನಲ್ಲಿದ್ದ ತಗಡಿನ ಗೋಡೆಯ ಹಿಂದಕ್ಕೆ ಬಂದು, ಬಲಗಿವಿಯನ್ನು ತಗಡಿಗೆ ಒತ್ತಿ ನಿಂತರು. ಇಬ್ಬರು ಮುದುಕರು ಕದ್ದು ಕೇಳುತ್ತಿರುವುದನ್ನು ಯಾರಾದರೂ ಕಂಡಿದ್ದರೆ ಏನು ಗತಿ ಎಂದು ನನಗೆ ಆ ಗಾಬರಿಯಲ್ಲೂ ನಗು ಬಂತು.

ಆಚೆಯಿಂದ ಅವಳ ದನಿ ಕೇಳಿಸಿತು.

"ಸಾರ್, ಆ ಕಣ್ಣು ತೆರೀರಿ."

"ಏನಮ್ಮಾ?"

"ಎಡಗಣ್ಣು ಸಾರ್. ತೆರೀರಿ."

"ಸೈನ್ಯಕ್ಕೆ ಸೇರಿದಾಗಿನಿಂದ ಗುರಿ ಇಡೋವಾಗ ಮುಚ್ಚೇ ಇರೋ ಕಣ್ಣು ಇದು."

"ಅದಕ್ಕೇ ಸಾರ್. ಪಾಪ, ಇಷ್ಟು ದಿನ ಅದಕ್ಕೇನೂ ಕಾಣ್ಸಿಲ್ಲ. ಇವತ್ತಾದ್ರೂ ನೋಡ್ಲಿ ಬಿಡಿ."

ಮೇಷ್ಟ್ರು ಕಿವಿಯನ್ನು ತಗಡಿಗೆ ಇನ್ನಷ್ಟು ಒತ್ತಿದರು. ಆಚೆ ಯಾರೋ ಗೊಳ್ಳೆಂದು ನಕ್ಕರು. ನಕ್ಕವರು ಸಾಹೇಬರೇ ಎಂದು ತಿಳಿಯಲು ನಮಗೆ ಒಂದು ಕ್ಷಣ ಹಿಡಿಯಿತು.

"ಮನೇಲಿ ಗಿಡಕ್ಕೆ ನೀರು ಯಾರು ಹಾಕ್ತಾರೆ ಸಾರ್?" ಎಂದಳು ಅವಳು.

"ನಾನೇ. ಪೈಪ್ ಹಿಡ್ಕೊಂಡು."

"ಮೊಮ್ಮಕ್ಕಳಿದಾರಾ?"

"ಒಬ್ಬಳಿದಾಳೆ, ಗಯ್ಯಾಳಿ. ನಾನು ಪೈಪ್ ಹಿಡಿದ್ರೆ ಸಾಕು, ಎದುರಿಗೆ ಬಂದು ಓಡ್ತಾಳೆ, ತಾತ ನೀರು ಹಾಕು ನೋಡೋಣ ಅಂತ."

"ಪೈಪನ್ನ ಎಲ್ಲಿಗೆ ತಿರುಗಿಸ್ತೀರಿ ಸಾರ್? ಅವಳಿರೋ ಕಡೆಗಾ?"

"ಅವಳಿರೋ ಕಡೆಗೆ ತಿರುಗಿಸಿದ್ರೆ ನೀರು ಹೋಗೋಷ್ಟರಲ್ಲಿ ಮುಂದೆ ಹೋಗಿರ್ತಾಳೆ. ಅವಳ ಮುಂದಕ್ಕೆ ಬಿಡ್ತೀನಿ."

"ನಡುವೆ ಕೈ ನಿಲ್ಲಿಸ್ತೀರಾ?"

"ನಿಲ್ಲಿಸಿದ್ರೆ ತಪ್ಪಿಸ್ಕೊಂಡುಬಿಡ್ತಾಳಲ್ಲಮ್ಮಾ!"

"ಕೋವೀನೂ ಅಷ್ಟೇ ಸಾರ್. ಈ ಪೈಪಿನಿಂದ ನೀರು ಬರಲ್ಲ ಅನ್ನೋದು ಮಾತ್ರ ನೆನಪಿಟ್ಕೊಳ್ಳಿ."

ಒಂದು ಸದ್ದಾಯಿತು. "ಹತ್ತಿರ ಬಂತು ಸಾರ್, ಕೈ ನಿಲ್ಲಿಸ್ಬಿಟ್ರಿ" ಎಂದಳು. ಇನ್ನೊಂದು ಸದ್ದಾಯಿತು. ಅದರ ಹಿಂದೆಯೇ ಇಡೀ ಮೈದಾನ ಕೂಗಿತು. ಅಷ್ಟು ದೊಡ್ಡ ಅಧಿಕಾರಿ "ಬಿತ್ತು! ಬಿತ್ತು!" ಎಂದು ಕುಣಿದದ್ದನ್ನು ನಾವು ಕಣ್ಣಾರೆ ಕಾಣಲಿಲ್ಲ, ಅಡುಗೆಯವರು ಇಂದಿಗೂ ಅದನ್ನು ಅಭಿನಯಿಸಿ ತೋರಿಸುತ್ತಾರೆ.

ಮೇಷ್ಟ್ರು ತಗಡಿನಿಂದ ಕಿವಿ ತೆಗೆದರು. ಕೆನ್ನೆಯ ಮೇಲೆ ತಗಡಿನ ಗೆರೆ ಮೂಡಿತ್ತು.

"ಪೈಪಿಂದು ನಾನು ಹೇಳ್ಕೊಟ್ಟಿದ್ದಲ್ಲ ಅಕ್ಕಾ" ಎಂದರು. ಕೆನ್ನೆ ಉಜ್ಜಿಕೊಳ್ಳುತ್ತ ಮತ್ತೆ, "ನಾನು ಹೇಳ್ಕೊಟ್ಟಿದ್ದಲ್ಲ ಅದು" ಎಂದರು. ಅವರಿಗೆ ದೊರೆತ ಪದಕಗಳ ಸಮಾರಂಭಗಳಲ್ಲೆಲ್ಲ ನಾನು ಅವರನ್ನು ಕಂಡಿದ್ದೇನೆ. ಅಂಥ ಮುಖ ಅದಕ್ಕೆ ಮೊದಲು ಕಂಡಿರಲಿಲ್ಲ. ಆಮೇಲೆ ನಾವಿಬ್ಬರೂ ಅಲ್ಲೇ ನಿಂತು ಆ ತುಂಬಿದ ಫ್ಲಾಸ್ಕಿನಿಂದ ಒಂದೊಂದು ಲೋಟ ಚಹಾ ಕುಡಿದೆವು.

ಅವಳು ತೇರ್ಗಡೆಯಾದಳು. ಶಾಖೆ ಉಳಿಯಿತು. ಮೇಷ್ಟ್ರು ಹಾರ ಹಾಕಿಸಿಕೊಂಡು, ಎಲ್ಲರ ಕೈ ಹಿಡಿದು, ಮನೆಗೆ ಹೋದರು. ನಿವೃತ್ತಿಯಾದ ಮೇಲೆ ಆ ಕಡೆ ತಲೆ ಹಾಕುವುದಿಲ್ಲ, ಹಳಬರು ಬಂದು ಕೂತರೆ ಹೊಸಬರಿಗೆ ಪಾಠ ಮಾಡಲಾಗುವುದಿಲ್ಲ ಎಂದು ನನ್ನ ಮುಂದೆ ಶಪಥವನ್ನೂ ಮಾಡಿದರು. ಹಾಗೆ ಹೇಳಿದವರು ಮುಂದಿನ ತಂಡದ ತರಗತಿಗಳು ಆರಂಭವಾದ ಕೆಲವು ದಿನಕ್ಕೇ, ಮನೆಯವರು ಹೊಲಿದ ಹೊಸ ಮೆತ್ತೆಗಳನ್ನು ಕೊಟ್ಟು ಬರುವ ನೆಪದಲ್ಲಿ ಅಲ್ಲಿಗೆ ಬಂದರು. ನಾನು ಅಧ್ಯಾಯದ ಅಚ್ಚಿನ ಹಾಳೆಗಳೊಡನೆ ಬಂದು ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಅವರು ಸದ್ದಿಲ್ಲದೆ ಒಳಗೆ ಬಂದು ಅದೇ ಬೆಂಚಿನ ತುದಿಯಲ್ಲಿ, ಹೊಸ ಶಿಬಿರಾರ್ಥಿಗಳ ನಡುವೆ ಕುಳಿತರು. ಮುಂದೆ ಆ ಹುಡುಗಿ ನಮಗೆ ಬೆನ್ನು ಹಾಕಿ ಹಲಗೆಯ ಮೇಲೆ ಚಿತ್ರ ಬರೆಯುತ್ತಿದ್ದಳು. ಕಣ್ಣು ಕಟ್ಟಿಕೊಂಡು ಸುಳ್ಳು ತೋಟಾ ತುಂಬಲು ತಡವರಿಸುತ್ತಿದ್ದ ಪಕ್ಕದವನ ಕಿವಿಯಲ್ಲಿ ಮೇಷ್ಟ್ರು ಏನೋ ಪಿಸುಗುಟ್ಟಿದರು. ಅರ್ಧ ಕಿವುಡರಾದ್ದರಿಂದ ಅವರ ಪಿಸುಮಾತು ಇಡೀ ಕೋಣೆಗೆ ಕೇಳಿಸಿತು.

"ಹಿಂದೆ ಮಾತಾಡ್ತಿರೋದು ಯಾರು?" ಎಂದಳು ಅವಳು, ತಿರುಗದೆಯೇ.

ಮೇಷ್ಟ್ರು ನಿಧಾನವಾಗಿ ಎದ್ದು ನಿಂತರು.

"ನಾನಮ್ಮಾ."

ಅವಳು ತಿರುಗಿದಳು. ಮುಖದಲ್ಲಿ ಬೆಳಕು ಬಂತು; ಓಡಿಬಂದು ಕಾಲಿಗೆ ಬೀಳುತ್ತಾಳೋ ಏನೋ ಎಂದುಕೊಂಡೆ. ಆದರೆ ಅವಳ ಮುಂದೆ ತರಗತಿಯಿತ್ತು. ತುಟಿಯ ನಗುವನ್ನು ಒಳಗೇ ಅದುಮಿಕೊಂಡು ಸೀಮೆಸುಣ್ಣದ ಕೈಯಿಂದ ಮೊದಲ ಬೆಂಚನ್ನು ತೋರಿಸಿದಳು.

"ಮುಂದೆ ಬಂದು ಕೂತ್ಕೊಳ್ಳಿ ಮೇಷ್ಟ್ರೇ. ಹೇಳಿಕೊಡ್ಬಾರ್ದು. ಅವನೇ ಕಲೀಲಿ."

"ಆಗಲಮ್ಮಾ" ಎಂದು ಕೋವಿ ಮೇಷ್ಟ್ರು ಮೆತ್ತೆಗಳ ಗಂಟನ್ನು ಎತ್ತಿಕೊಂಡು ಮುಂದೆ ಹೋದರು. ಕೈಕಟ್ಟಿ ಕುಳಿತು, 'ನೀನು ನಿಲ್ಲಿಸಿದ ಕಡೆಯಿಂದ ಹೇಳು' ಎಂಬಂತೆ ಅವಳನ್ನೇ ನೋಡತೊಡಗಿದರು.

ಅವರಿಗೆ ಇನ್ನೂ ಬಹಳ ವರ್ಷಗಳು ಇರಲಿ. ಬಲಗಿವಿ ಚೆನ್ನಾಗಿರಲಿ, ಅದರಲ್ಲಿ ಮನೆಯವರ ಬೈಗುಳ ತುಂಬಿರಲಿ, ಆಕೆಯ ದಿಂಬು ಈ ವರ್ಷವಾದರೂ ಮುಗಿಯಲಿ. ಬಾಗಿಲುಗಳೆಲ್ಲ ತಳ್ಳಿದೊಡನೆ ತೆರೆದುಕೊಳ್ಳುವಂಥ ಕಾಲ ಬಂದು, ಅವರು ಕಲಿಸಿದವರಿಗೆ ಅವರು ಕಲಿಸಿದ್ದು ಬೇಕಾಗದಿರಲಿ ಎಂದು ನಾನು ಹಾರೈಸಿದರೆ ಅವರೇನೂ ಬೇಸರಿಸಲಾರರು. ಅಲ್ಲಿಯವರೆಗೂ ಆ ಮೊದಲ ಬೆಂಚಿನಲ್ಲಿ ಅವರಿಗೊಂದು ಜಾಗ ಇರಲಿ.